ಆಂಪ್ ಬೇಕಾ? ಮೊದಲು ಲೆಕ್ಕ ಮಾಡು ಮಾರಾಯ

ಮೊನ್ನೆ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. ಕೆಲಸಕ್ಕೆ ಸೇರಿ ಇನ್ನೂ ಮೂರು ತಿಂಗಳಾಗಿಲ್ಲ. "ಮಾವ, ಒಂದು ಹೆಡ್‌ಫೋನ್ ಆಂಪ್ ನೋಡಿಟ್ಟಿದೀನಿ. ಹದಿನಾಲ್ಕು ಸಾವಿರ. ಆರು ಕಂತು, ಬಡ್ಡಿ ಇಲ್ಲ. ತಗೊಳ್ಲಾ?" ಅಂದ. ನಿನ್ನ ಹತ್ರ ಇರೋ ಹೆಡ್‌ಫೋನ್ ಯಾವುದೋ ಅಂದೆ. ಆಡಿಯೋ-ಟೆಕ್ನಿಕಾ ಎಂ50ಎಕ್ಸ್ ಅಂದ. ಅದಕ್ಯಾಕೋ ಆಂಪ್ ಅಂದೆ. "ಎಲ್ಲರೂ ಹೇಳ್ತಾರೆ ಮಾವ, ಆಂಪ್ ಇಲ್ದೆ ಹೆಡ್‌ಫೋನ್ ಪೂರ್ತಿ ಓಪನ್ ಆಗಲ್ವಂತೆ."

ಓಪನ್ ಆಗಲ್ವಂತೆ! ಹಲಸಿನಹಣ್ಣಾ ಅದು? :-)

ನಗಬಾರದಿತ್ತು, ಆದರೂ ನಕ್ಕೆ. ಫೋನ್ ಇಟ್ಟ ಮೇಲೆ ಸ್ವಲ್ಪ ನಾಚಿಕೆಯೂ ಆಯ್ತು. ಯಾಕಂದ್ರೆ ಎಂಟೊಂಬತ್ತು ವರ್ಷದ ಹಿಂದೆ ಇದೇ ಮಾತು ನಂಬಿ, ಇಂಥದ್ದೇ ಒಂದು ಕರಿ ಡಬ್ಬಕ್ಕೆ ನಾನೂ ದುಡ್ಡು ಸುರಿದವನು. ಅಷ್ಟಕ್ಕೇ ಸುಮ್ಮನಾಗಿದ್ದರೆ ಆಗ್ತಿತ್ತು. ಇದೇ ಬ್ಲಾಗಿನಲ್ಲಿ "ಅಪ್ಪನ ಕ್ಯಾಸೆಟ್ಟುಗಳಿಗೆ ಜೀವ ಬಂತು" ಅಂತ ಉದ್ದಕ್ಕೆ ಹೊಗಳಿ ಬೇರೆ ಬರೆದೆ. ಅದನ್ನು ಓದಿ ಇಬ್ಬರು ಬ್ಲಾಗಿಗ ಮಿತ್ರರು ಅದೇ ಡಬ್ಬ ತರಿಸಿಕೊಂಡರು. ಅವರಿಬ್ಬರೂ ಇದನ್ನು ಓದುತ್ತಿದ್ದರೆ ಮೊದಲೇ ಹೇಳಿಬಿಡ್ತೀನಿ, ತಪ್ಪಾಯ್ತು. ಆ ಹಳೇ ಪೋಸ್ಟ್ ಅಳಿಸಿಲ್ಲ. ಮೇಲ್ಗಡೆ ಒಂದು ಸಾಲು ಸೇರಿಸಿ, ಇದನ್ನೂ ಓದಿ ಅಂತ ಬರೆದಿದ್ದೇನೆ.

ಹಾಗಾಗಿ ಇದು ಅಕ್ಕನ ಮಗನಿಗೆ ಉತ್ತರ, ಆ ಇಬ್ಬರಿಗೆ ಕ್ಷಮಾಪಣೆ, ಉಳಿದವರ ಜೊತೆ ಜಗಳ. ನನ್ನ ವಾದ ಇಷ್ಟೇ: ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಹೆಡ್‌ಫೋನಿನಲ್ಲಿ ಹಾಡು ಕೇಳುವ ಬಹುಪಾಲು ಜನರಿಗೆ ಬೇರೆ ಆಂಪ್ಲಿಫೈಯರ್ ಬೇಕಾಗಿಯೇ ಇಲ್ಲ. ಬೇಕಾ ಬೇಡವಾ ಅನ್ನೋದನ್ನ ಎಸ್ಸೆಸ್ಸೆಲ್ಸಿ ಗಣಿತ ಸಾಕು, ಐದು ನಿಮಿಷದಲ್ಲಿ ಹೇಳಬಹುದು. ಆ ಐದು ನಿಮಿಷ ಯಾರೂ ಖರ್ಚು ಮಾಡದಂತೆ ನೋಡಿಕೊಳ್ಳುವುದರ ಮೇಲೆಯೇ ಈ ವ್ಯಾಪಾರ ನಿಂತಿದೆ.

ಲೆಕ್ಕ ನೋಡಿ. ಹೆಡ್‌ಫೋನ್ ಡಬ್ಬದ ಹಿಂದೆ ಎರಡು ಸಂಖ್ಯೆ ಇರುತ್ತವೆ. ಒಂದು ಓಮ್, ಅಂದರೆ ವಿದ್ಯುತ್ತಿಗೆ ಅದು ಒಡ್ಡುವ ತಡೆ. ಇನ್ನೊಂದು ಸೆನ್ಸಿಟಿವಿಟಿ, ಇಷ್ಟು ವಿದ್ಯುತ್ ಕೊಟ್ಟರೆ ಇಷ್ಟು ಡೆಸಿಬೆಲ್ ಸದ್ದು ಅಂತ. ಎಂ50ಎಕ್ಸ್‌ನದ್ದು 38 ಓಮ್, ಒಂದು ಮಿಲಿವ್ಯಾಟಿಗೆ 99 ಡೆಸಿಬೆಲ್. ಈಗ ನಮ್ಮ ಕೈಲಿರುವ ಅತಿ ಅಗ್ಗದ ಯಂತ್ರ ಯಾವುದು? ಆ್ಯಪಲ್‌ನವರು 2018ರಲ್ಲಿ 9 ಡಾಲರಿಗೆ ಬಿಟ್ಟ ಯುಎಸ್‌ಬಿ-ಸಿ ಡಾಂಗಲ್, ಬೆರಳಷ್ಟುದ್ದದ ಬಿಳಿ ದಾರ. ಅದರೊಳಗೆ ಡ್ಯಾಕ್ ಇದೆ, ಆಂಪೂ ಇದೆ. ಪೂರ್ತಿ ವಾಲ್ಯೂಮ್ ಇಟ್ಟಾಗ ಅದು ಕೊಡೋದು ಸುಮಾರು 1 ವೋಲ್ಟ್. ವೋಲ್ಟನ್ನು ವರ್ಗ ಮಾಡಿ ಓಮಿನಿಂದ ಭಾಗಿಸಿ: 1 ಭಾಗಿಸು 38, ಅಂದರೆ 26 ಮಿಲಿವ್ಯಾಟ್. ಒಂದು ಮಿಲಿವ್ಯಾಟಿನ 26 ಪಟ್ಟು ಅಂದರೆ 14 ಡೆಸಿಬೆಲ್ ಜಾಸ್ತಿ. 99ಕ್ಕೆ 14 ಸೇರಿಸಿದರೆ 113 ಡೆಸಿಬೆಲ್.

ನೂರಾ ಹದಿಮೂರು! ದೇವಸ್ಥಾನದ ಜಾಗಟೆ ಪಕ್ಕ ಕಿವಿ ಇಟ್ಟ ಹಾಗೆ. ಮನುಷ್ಯ ಆರಾಮಾಗಿ ಹಾಡು ಕೇಳೋದು ಸರಾಸರಿ 70-75 ಡೆಸಿಬೆಲ್‌ನಲ್ಲಿ. ಸಂಗೀತದ ಏರುಗಳು ಸರಾಸರಿಗಿಂತ 15-20 ಮೇಲೆ ಹೋಗುತ್ತವೆ ಅಂತ ಇಟ್ಟುಕೊಂಡರೂ 95 ಸಾಕು. ಇನ್ನೂ 18 ಡೆಸಿಬೆಲ್ ಬಾಕಿ ಉಳಿಯಿತು. ಅಕ್ಕನ ಮಗ ಹದಿನಾಲ್ಕು ಸಾವಿರ ಕೊಟ್ಟು ತರೋದು ಈ ಬಾಕಿಯ ಮೇಲೆ ಇನ್ನಷ್ಟು ಬಾಕಿಯನ್ನ.

"ಅದು ಸುಲಭದ ಹೆಡ್‌ಫೋನ್ ಸ್ವಾಮಿ, ನಮ್ಮದು 300 ಓಮ್" ಅನ್ನುವವರು ಬರ್ತಾರೆ, ನನಗೆ ಗೊತ್ತು. ನಾನೂ ಅದೇ ಗುಂಪಿನವನು. ಸೆನ್‌ಹೈಸರ್ ಎಚ್‌ಡಿ 650, 2003ರಿಂದ ಇರುವ ಮಾದರಿ. 300 ಓಮ್ ಅಂದ ಕೂಡಲೇ ಜನ ಲಾರಿ ಎಳೆಯೋ ಕೆಲಸ ಅನ್ನೋ ಥರ ಮಾತಾಡ್ತಾರೆ. ಕಂಪನಿಯೇ ಕೊಟ್ಟ ಅಂಕಿ ನೋಡಿದರೆ 1 ವೋಲ್ಟಿಗೆ 103 ಡೆಸಿಬೆಲ್. ಆಗ ಹರಿಯುವ ಕರೆಂಟು 3.3 ಮಿಲಿಆಂಪಿಯರ್, ಒಂದು ಪುಟ್ಟ ಎಲ್‌ಇಡಿ ಉರಿಯೋದಕ್ಕೂ ಇದಕ್ಕಿಂತ ಹೆಚ್ಚು ಕೊಡ್ತೀವಿ. ಬೇಯರ್‌ಡೈನಾಮಿಕ್ ಡಿಟಿ 990 ಪ್ರೋ, 250 ಓಮಿನದ್ದು? ಮಿಲಿವ್ಯಾಟಿಗೆ 96, 1 ವೋಲ್ಟಿಗೆ 4 ಮಿಲಿವ್ಯಾಟ್, ಅಂದರೆ 102. ಮತ್ತೂ ಸಾಕು.

ಇಲ್ಲೊಂದು ಕಣ್ಕಟ್ಟು ಇದೆ, ಹೇಳಿಬಿಡ್ತೀನಿ. ಕೆಲವು ಕಂಪನಿಗಳು ಮಿಲಿವ್ಯಾಟಿಗೆ ಇಷ್ಟು ಅಂತ ಬರೀತಾವೆ, ಕೆಲವು ವೋಲ್ಟಿಗೆ ಇಷ್ಟು ಅಂತ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಸೇರನ್ನೂ ಕೇಜಿಯನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ. ಯಾವುದು ಅಂತ ನೋಡಿಕೊಂಡು ಲೆಕ್ಕ ಹಾಕಿ. ಬರೀ ಓಮ್ ನೋಡಿ "ಇದಕ್ಕೆ ಆಂಪ್ ಬೇಕೇ ಬೇಕು" ಅನ್ನುವವರ ಮಾತು ಕೇಳಬೇಡಿ.

ನಿಜವಾಗಿ ಆಂಪ್ ಬೇಡುವ ಹೆಡ್‌ಫೋನೂ ಇದೆ. ಹೈಫೈಮ್ಯಾನ್ ಎಚ್‌ಇ-6 ಅಂತ ಒಂದು ಪ್ಲೇನಾರ್ ಇತ್ತು. 50 ಓಮ್, ಮಿಲಿವ್ಯಾಟಿಗೆ 83.5 ಮಾತ್ರ. ಅದರಲ್ಲಿ 110 ಡೆಸಿಬೆಲ್ ಏರು ಬೇಕಾದರೆ ಹೆಚ್ಚುಕಡಿಮೆ 4.7 ವೋಲ್ಟ್, ಅರ್ಧ ವ್ಯಾಟಿನ ಹತ್ತಿರ. ಡಾಂಗಲ್ ಕೈಲಿ ಆಗೋ ಮಾತಲ್ಲ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಆಂಪ್ ತಗೊಳ್ಳಿ, ನನ್ನ ಆಶೀರ್ವಾದವೂ ಇದೆ. ಆದರೆ ಎಷ್ಟು ಜನರ ಮನೆಯಲ್ಲಿದೆ ಅದು?

ಈಗ ನನ್ನ ಕಥೆ. ಅಪ್ಪ ಸಾಗರದಲ್ಲಿದ್ದಾಗ ಟೂ-ಇನ್-ಒನ್‌ನಲ್ಲಿ ರೇಡಿಯೋದಿಂದ ಸಂಗೀತ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿದ್ದರು. ಹೆಚ್ಚಿನವು ಧಾರವಾಡ ಆಕಾಶವಾಣಿಯವು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಮಧ್ಯೆ ಮಧ್ಯೆ ಅಮ್ಮ "ಊಟಕ್ಕೆ ಬನ್ನಿ" ಅಂದಿದ್ದೂ ಅದರಲ್ಲಿದೆ. ಮೀಡಿಯಂ ವೇವ್, ಗೊರಗೊರ, ಐದು ಕಿಲೋಹರ್ಟ್ಸ್‌ಗಿಂತ ಮೇಲೆ ಹೆಚ್ಚೇನೂ ಇಲ್ಲ. ಅಪ್ಪ ಹೋದ ಮೇಲೆ ಅವನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಹಾಕತೊಡಗಿದೆ. ಹಾಕಿ ಕೇಳಿದರೆ ಸದ್ದು ಸಣ್ಣ, ವಾಲ್ಯೂಮ್ ತುದಿಗೆ ಹೋದರೂ ಸಾಲದು. ಹುಡುಕಿದೆ, ಓದಿದೆ, ಎಲ್ಲ ಕಡೆ ಒಂದೇ ಉತ್ತರ: 300 ಓಮಿಗೆ ಆಂಪ್ ಬೇಕು. ತರಿಸಿದೆ. ಸದ್ದು ಜೋರಾಯ್ತು. ಮನ್ಸೂರರ ದನಿಯಲ್ಲಿ "ದೇಹ" ಬಂತು, ತಂಬೂರಿ "ಹಿಂದಕ್ಕೆ ಸರಿದು ನಿಂತಿತು", ಇನ್ನೂ ಏನೇನೋ ಬರೆದೆ. ಈಗ ಓದಿದರೆ ಮೈ ಜುಂ ಅನ್ನುತ್ತೆ.

ನಿಜಕ್ಕೂ ಆಗಿದ್ದೇನು ಗೊತ್ತಾ? ಕ್ಯಾಸೆಟ್ ಕಂಪ್ಯೂಟರಿಗೆ ಹಾಕುವಾಗ ನಾನೇ ಲೆವೆಲ್ ಕಡಿಮೆ ಇಟ್ಟಿದ್ದೆ. ಫೈಲಿನ ಏರುಗಳೇ ಪೂರ್ತಿ ಮಟ್ಟಕ್ಕಿಂತ 15 ಡೆಸಿಬೆಲ್ ಕೆಳಗಿದ್ದವು. ಅಡಾಸಿಟಿ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ತೆಗೆದು, ಲೆವೆಲ್ ಏರಿಸೋ ಮೆನು ಒತ್ತಿದ್ದರೆ ಒಂದು ನಿಮಿಷದ ಕೆಲಸ. ಅದು ನನಗೆ ಹೊಳೆದದ್ದು ಡಬ್ಬ ಬಂದು ಎರಡು ವರ್ಷ ಆದ ಮೇಲೆ.

ಹೊಳೆದ ಮೇಲೆ ಅನುಮಾನ ಶುರುವಾಯ್ತು. ಸರಿ, ಸದ್ದು ಜೋರಾಗಿದ್ದು ಬಿಡಿ, ಆ "ದೇಹ" ಅನ್ನೋದಾದರೂ ನಿಜವಾ? ಪರೀಕ್ಷೆ ಮಾಡೋಣ ಅಂತ ಎಸ್.ಪಿ. ರೋಡಿಗೆ ಹೋಗಿ ಒಂದು ಅಗ್ಗದ ಮಲ್ಟಿಮೀಟರು, ಎರಡು ಕಡೆಯಿಂದ ಒಳಗೆ ಒಂದು ಕಡೆಯಿಂದ ಹೊರಗೆ ಅನ್ನೋ ಥರದ ಸ್ವಿಚ್ ಪೆಟ್ಟಿಗೆ, ಒಂದಷ್ಟು ವೈರು ತಂದೆ. ಡಾಂಗಲ್‌ನಿಂದ ಬಂದ ಸಿಗ್ನಲ್ಲನ್ನು ಎರಡಾಗಿ ಮಾಡಿ, ಒಂದನ್ನು ನೇರ ಪೆಟ್ಟಿಗೆಗೆ, ಇನ್ನೊಂದನ್ನು ಆಂಪ್ ಹಾಯಿಸಿ ಅದೇ ಪೆಟ್ಟಿಗೆಗೆ ಕೊಟ್ಟೆ. ಸ್ವಿಚ್ ಈ ಕಡೆ ಇದ್ದರೆ ಆಂಪ್ ಇಲ್ಲ, ಆ ಕಡೆ ಇದ್ದರೆ ಆಂಪ್ ಇದೆ. 100 ಹರ್ಟ್ಸ್ ಸದ್ದು ಹಾಕಿ ಎರಡೂ ಕಡೆ ವೋಲ್ಟ್ ಒಂದೇ ಬರುವ ಹಾಗೆ ಆಂಪಿನ ನಾಬ್ ತಿರುಗಿಸಿದೆ. (ಅಗ್ಗದ ಮೀಟರುಗಳು 1000 ಹರ್ಟ್ಸ್‌ನಲ್ಲಿ ಸುಳ್ಳು ಹೇಳೋದುಂಟು, ಅದಕ್ಕೇ 100. ಯಾರಾದರೂ ಮಾಡಿ ನೋಡುವುದಿದ್ದರೆ ನೆನಪಿಡಿ.) ನೂರಕ್ಕೆ ಒಂದರಷ್ಟು ವ್ಯತ್ಯಾಸ ಬಿಟ್ಟರೆ ಸಾಕು, ಅದು 0.1 ಡೆಸಿಬೆಲ್ ಆಸುಪಾಸು.

ಇಷ್ಟೆಲ್ಲ ಯಾಕೆ ಅಂದರೆ, ಎರಡು ಸದ್ದಿನಲ್ಲಿ ಒಂದು ಚೂರೇ ಚೂರು ಜೋರಿದ್ದರೂ ನಮ್ಮ ಕಿವಿ ಅದನ್ನ "ಜೋರು" ಅಂತ ಗುರುತಿಸೋದಿಲ್ಲ, "ಚೆನ್ನಾಗಿದೆ" ಅಂತ ಗುರುತಿಸುತ್ತೆ. ಈ ಒಂದು ದೌರ್ಬಲ್ಯ ಇಲ್ಲದೇ ಹೋಗಿದ್ದರೆ ಆಡಿಯೋ ಅಂಗಡಿಗಳಲ್ಲಿ ಅರ್ಧ ಬಾಗಿಲು ಹಾಕಬೇಕಿತ್ತು. ನಾನು ಯಾವಾಗಲೂ ಇಡುತ್ತಿದ್ದ ಜಾಗದಲ್ಲಿ ನಾಬ್ ಇಟ್ಟು ಅಳೆದಾಗ ಆಂಪ್ 4 ಡೆಸಿಬೆಲ್ ಜೋರಿತ್ತು. ಮನ್ಸೂರರಿಗೆ ಬಂದಿದ್ದ ದೇಹ ಅದೇ.

ಸಮ ಮಾಡಿದ ಮೇಲೆ ಹೆಂಡತಿಯನ್ನು ಕೂರಿಸಿ, ನಾನು ಬೆನ್ನು ತಿರುಗಿಸಿ ಕೂತೆ. ಅವಳು ನಾಣ್ಯ ಚಿಮ್ಮಿ ಸ್ವಿಚ್ ಹಾಕಬೇಕು, ನಾನು ಆಂಪ್ ಇದೆಯೋ ಇಲ್ಲವೋ ಹೇಳಬೇಕು. ಇಪ್ಪತ್ತು ಸಲ. ಹನ್ನೊಂದು ಸರಿ, ಒಂಬತ್ತು ತಪ್ಪು. ನಾಣ್ಯವನ್ನೇ ಕೇಳಿದ್ದರೂ ಅಷ್ಟೇ ಹೇಳುತ್ತಿತ್ತು. ಏಳನೇ ಸಲ "ಇದು ಖಂಡಿತ ಆಂಪ್, ತಂಬೂರಿ ಕೇಳು ಹೇಗಿದೆ" ಅಂತ ಘಂಟಾಘೋಷವಾಗಿ ಹೇಳಿದ್ದೆ. ಆಂಪ್ ಇರಲಿಲ್ಲ. "ಮುಗೀತಾ? ಕುಕ್ಕರ್ ಕೂಗ್ತಿದೆ" ಅಂತ ಅವಳು ಎದ್ದು ಹೋದಳು.

ನನ್ನ ಕಿವಿಯೇ ಸರಿ ಇಲ್ಲ ಅನ್ನಬಹುದು ನೀವು. (ಕಿವಿಯ ವಿಷಯಕ್ಕೆ ಆಮೇಲೆ ಬರ್ತೀನಿ, ಅದೇ ದೊಡ್ಡ ಕಥೆ.) ಆದರೆ ಇದು ನಾನೊಬ್ಬ ಕಂಡುಹಿಡಿದದ್ದಲ್ಲ. 1987ರ ಜನವರಿಯಲ್ಲೇ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆ ಇಂಥದ್ದೇ ಪರೀಕ್ಷೆ ಮಾಡಿ ಛಾಪಿಸಿತ್ತು. ಸುಮಾರು 220 ಡಾಲರಿನ ರಿಸೀವರಿನಿಂದ ಹಿಡಿದು 12 ಸಾವಿರ ಡಾಲರಿನ ವಾಲ್ವ್ ಆಂಪಿನ ತನಕ ಇಟ್ಟು, ಸದ್ದು ಸಮ ಮಾಡಿ, ಕಣ್ಣಿಗೆ ಕಾಣದ ಹಾಗೆ ಕೇಳಿಸಿದರು. ಕೇಳಿದವರಲ್ಲಿ ಎಲ್ಲ ಆಂಪೂ ಬೇರೆ ಬೇರೆ ಅಂತ ನಂಬಿದವರೂ ಇದ್ದರು. ಫಲಿತಾಂಶ ನಾಣ್ಯ ಚಿಮ್ಮಿದ್ದರ ಆಚೀಚೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನುವವರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಇನ್ನೊಂದು ಬರೆದರು. ದುಬಾರಿ ಸೂಪರ್ ಆಡಿಯೋ ಸೀಡಿಯ ಸದ್ದನ್ನು ಮಧ್ಯದಲ್ಲಿ ಸಾದಾ ಸೀಡಿ ಗುಣಮಟ್ಟಕ್ಕೆ ಇಳಿಸಿದರೆ ಯಾರಿಗಾದರೂ ಗೊತ್ತಾಗುತ್ತಾ ಅಂತ. 554 ಸಲ ಕೇಳಿಸಿದ್ದರಲ್ಲಿ 276 ಸರಿ. ಅರ್ಧಕ್ಕಿಂತ ಒಂದು ಕಮ್ಮಿ! ಅಪ್ಪನ ಮೀಡಿಯಂ ವೇವ್ ಕ್ಯಾಸೆಟ್ಟಿಗೆ 192 ಕಿಲೋಹರ್ಟ್ಸ್ ಡ್ಯಾಕ್ ಬೇಕಾ ಅಂತ ನೀವೇ ಹೇಳಿ.

ಬ್ಲಾಗಿಗರಾದ ನಮಗೆ ಈ ವಿಷಯದಲ್ಲಿ ಒಬ್ಬ ಪೂರ್ವಜ ಇದ್ದಾನೆ. ಹೆಸರು ಗೊತ್ತಿಲ್ಲ, ಎನ್‌ಡಬ್ಲ್ಯು-ಎವಿ-ಗೈ ಅಂತ ಬರೆದುಕೊಳ್ಳುತ್ತಿದ್ದ. ನಮ್ಮ ಹಾಗೇ ಪುಕ್ಕಟೆ ಬ್ಲಾಗರ್ ಪುಟ. 2011ರಲ್ಲಿ ಒಳ್ಳೇ ಅಳತೆ ಯಂತ್ರ ಇಟ್ಟುಕೊಂಡು ಒಂದೊಂದೇ ಆಂಪನ್ನು ಅಳೆದು, ಹೊಗಳಿಸಿಕೊಂಡಿದ್ದ ಎಷ್ಟೋ ಡಬ್ಬಗಳ ಬಂಡವಾಳ ಬಯಲು ಮಾಡಿದ. ಫೋರಂಗಳಿಂದ ಹೊರಗೆ ಹಾಕಿಸಿಕೊಂಡ. "ಅಷ್ಟು ಗೊತ್ತಿದ್ದರೆ ನೀನೇ ಮಾಡಿ ತೋರಿಸು" ಅನ್ನೋ ಮಾತಿಗೆ ನಿಜವಾಗಿಯೂ ಮಾಡಿ ತೋರಿಸಿದ. ಓ2 ಅಂತ ಒಂದು ಆಂಪಿನ ವಿನ್ಯಾಸ ಬರೆದು, ಸರ್ಕ್ಯೂಟು, ಬಿಡಿಭಾಗಗಳ ಪಟ್ಟಿ, ಎಲ್ಲ ಅಳತೆ ಸಮೇತ ಪುಕ್ಕಟೆ ಹಾಕಿಬಿಟ್ಟ. ಎನ್‌ಜೆಎಂ4556 ಅನ್ನೋ ಸಾಧಾರಣ ಚಿಪ್ಪು, ಎರಡು 9 ವೋಲ್ಟ್ ಬ್ಯಾಟರಿ, ಬಿಡಿಭಾಗಗಳ ಖರ್ಚು 30 ಡಾಲರ್ ಆಸುಪಾಸು. ಯಾರು ಬೇಕಾದರೂ ಮಾಡಿ ಮಾರಬಹುದು, ವಿನ್ಯಾಸ ಮಾತ್ರ ಬದಲಿಸಬಾರದು ಅನ್ನೋದು ಅವನ ಷರತ್ತು. ತಾನು ಒಂದು ಕಾಸು ತಗೊಳ್ಳಲಿಲ್ಲ. 2012ರಲ್ಲಿ ಇದ್ದಕ್ಕಿದ್ದ ಹಾಗೆ ಬರೆಯೋದು ನಿಲ್ಲಿಸಿದ. ಯಾರು, ಎಲ್ಲಿ, ಏನಾದ ಅನ್ನೋದು ಬಯಲಾಗಲೇ ಇಲ್ಲ. 2014ರಲ್ಲಿ ಐಇಇಇ ಸ್ಪೆಕ್ಟ್ರಮ್ ಪತ್ರಿಕೆ ಅವನ ಕಣ್ಮರೆಯ ಬಗ್ಗೆಯೇ ಲೇಖನ ಬರೆಯಿತು.

ಅವನು ಹೇಳಿದ್ದು ಸಣ್ಣ ಮಾತು. ಆಂಪಿನ ಕೆಲಸ ಬಂದದ್ದನ್ನು ಹಾಗೇ ದೊಡ್ಡದು ಮಾಡಿ ಕೊಡೋದು. ಅದನ್ನು ಮೂವತ್ತು ಡಾಲರಿನ ಭಾಗಗಳಲ್ಲಿ ಮಾಡಬಹುದು. ಅದಕ್ಕಿಂತ ಮೇಲಿನ ದುಡ್ಡು ಡಬ್ಬಕ್ಕೆ, ನಾಬಿಗೆ, ಲಾಭಕ್ಕೆ. ಅವನ ನಂತರ ಪೇಟೆ ಬದಲಾಯ್ತು. 2012ರಲ್ಲಿ ಶೀಟ್ ಕಂಪನಿಯ ಮ್ಯಾಗ್ನಿ 99 ಡಾಲರಿಗೆ ಬಂತು, 2018ರಲ್ಲಿ ಜೆಡಿಎಸ್ ಲ್ಯಾಬ್ಸ್‌ನ ಆಟಮ್ ಅದೇ 99ಕ್ಕೆ. 2019ರಲ್ಲಿ ಶೀಟ್‌ನವರು ಒಂದು ತಮಾಷೆ ಮಾಡಿದರು. ಒಂದೇ ಅಳತೆಯ ಡಬ್ಬದಲ್ಲಿ, ಒಂದೇ 99 ಡಾಲರಿಗೆ ಎರಡು ಆಂಪ್: ಮ್ಯಾಗ್ನಿ 3+ ಬಿಡಿ ಟ್ರಾನ್ಸಿಸ್ಟರಿನದ್ದು, "ಕೇಳಿ ನಂಬುವವರಿಗೆ". ಮ್ಯಾಗ್ನಿ ಹೆರೆಸಿ ಚಿಪ್ಪಿನದ್ದು, "ಅಳೆದು ನಂಬುವವರಿಗೆ". ಶೈವರಿಗೊಂದು ವೈಷ್ಣವರಿಗೊಂದು, ಅಡುಗೆ ಭಟ್ಟ ಒಬ್ಬನೇ :-) ಅವರ ಧೈರ್ಯ ನನಗೆ ಇಷ್ಟವಾಯ್ತು, ಸತ್ಯ ಹೇಳಬೇಕೆಂದರೆ.

ಅಳೆದು ನಂಬುವವರನ್ನು ಹೊಗಳಿದೆ ಅಂತ ಅವರು ಬೀಗೋದೂ ಬೇಡ. ಈಗಿನ ಹೊಸ ಹುಚ್ಚು ಸಿನಾಡ್ ಪಟ್ಟಿ. ಸಿಗ್ನಲ್ಲಿಗೆ ಹೋಲಿಸಿದರೆ ಗಲಾಟೆ ಮತ್ತು ವಿರೂಪ ಎಷ್ಟು ಕೆಳಗಿದೆ ಅನ್ನೋ ಒಂದೇ ಸಂಖ್ಯೆ. 110 ಇರೋ ಆಂಪ್ "ಹಳೇದು", 120 ಇರೋದು "ಹೊಸದು", ಮಾರಿ ಬದಲಾಯಿಸಿಕೊಳ್ಳಿ! ಸೀಡಿಯ ವ್ಯಾಪ್ತಿಯೇ 96 ಡೆಸಿಬೆಲ್. ಕ್ಯಾಸೆಟ್ಟಿನದ್ದು 50-55 ಬಂದರೆ ಪುಣ್ಯ. ನಮ್ಮ ಬೀದಿಯಲ್ಲಿ ರಾತ್ರಿ ಎರಡು ಗಂಟೆಗೆ ಬಿಟ್ಟರೆ ಮೌನ ಅನ್ನೋದೇ ಇಲ್ಲ. 110 ಮತ್ತು 120ರ ನಡುವಿನ ವ್ಯತ್ಯಾಸ ಕೇಳಬೇಕಾದರೆ ಮೊದಲು ಫ್ಯಾನು, ಪಕ್ಕದ ಮನೆ ಮಿಕ್ಸಿ ಮತ್ತು ನನ್ನ ಉಸಿರು ನಿಲ್ಲಬೇಕು. ಕಿವಿಯ ಭಕ್ತಿ ಬಿಟ್ಟು ಅಂಕಿಯ ಭಕ್ತಿ ಹಿಡಿದರೆ ಜೇಬು ಖಾಲಿಯಾಗೋದೇನೂ ತಪ್ಪೋದಿಲ್ಲ.

ವಾಲ್ವ್ ಆಂಪುಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಗ್ಗದ ಡಬ್ಬಗಳಲ್ಲಿ ವಾಲ್ವಿನ ಬುಡಕ್ಕೆ ಕೇಸರಿ ಎಲ್‌ಇಡಿ ಇಟ್ಟು ಬೆಚ್ಚಗಿನ ಬೆಳಕು ತೋರಿಸ್ತಾರೆ, ತಗೊಳ್ಳೋ ಮುಂಚೆ ಬಗ್ಗಿ ನೋಡಿ. ಬ್ಯಾಲೆನ್ಸ್‌ಡ್ ಅಂತ ಬರೆದ ದಪ್ಪ ಪಿನ್ನಿನಿಂದ ಸಾಮಾನ್ಯವಾಗಿ ಸಿಗೋದು ಎರಡು ಪಟ್ಟು ವೋಲ್ಟ್, ಅಂದರೆ 6 ಡೆಸಿಬೆಲ್. ಲೆಕ್ಕದಲ್ಲಿ ಬೇಕು ಅಂತ ಬಂದರೆ ಬೇಕು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಯಾರಿಗೂ ಬೇಡವಾ? ಬೇಕಾಗುವ ಸಂದರ್ಭಗಳಿವೆ. ಅದನ್ನೂ ಹೇಳದೇ ಹೋದರೆ ನಾನೂ ಇನ್ನೊಂದು ಪಂಥದ ಪುರೋಹಿತನಾಗ್ತೀನಿ.

ಮೊದಲನೆಯದು, ಕಂಪ್ಯೂಟರಿನ ಜ್ಯಾಕೇ ಕೆಟ್ಟದಿರೋದು. ಇದು ಆಂಪಿನ ಶಕ್ತಿಯ ಪ್ರಶ್ನೆ ಅಲ್ಲ, ಔಟ್‌ಪುಟ್ ಇಂಪೀಡೆನ್ಸಿನದ್ದು. ಹೆಡ್‌ಫೋನಿನ ಓಮ್ ಎಲ್ಲ ಸ್ವರಕ್ಕೂ ಒಂದೇ ಇರೋದಿಲ್ಲ. ಎಚ್‌ಡಿ 650ಯಂಥದ್ದು 300 ಅಂತ ಹೆಸರಿಗೆ, ಮಂದ್ರದಲ್ಲಿ 100 ಹರ್ಟ್ಸ್ ಹತ್ತಿರ 500ರ ಆಸುಪಾಸಿಗೆ ಏರುತ್ತೆ. ಎರಡು ಮೂರು ಡ್ರೈವರಿನ ಇಯರ್‌ಫೋನುಗಳಲ್ಲಂತೂ ಬೆಟ್ಟ ಕಣಿವೆ. ಜ್ಯಾಕಿನ ಒಳಗೇ ಹತ್ತಾರು ಓಮ್ ಕೂತಿದ್ದರೆ ಈ ಏರಿಳಿತದ ಪ್ರಕಾರ ಸದ್ದಿನ ಸ್ವರೂಪವೇ ಬದಲಾಗುತ್ತೆ. ಇದು ಕಿವಿಗೆ ನಿಜವಾಗಿ ಕೇಳುವ ವ್ಯತ್ಯಾಸ. ಕೆಲವು ಕಂಪ್ಯೂಟರಿನ ಮುಂದಿನ ಜ್ಯಾಕುಗಳು ಹೀಗಿವೆ. ಹಿಂದೆ 1996ರ ಐಇಸಿ ಮಾನದಂಡವೇ 120 ಓಮ್ ಅಂತ ಹೇಳಿತ್ತು, ಹಾಗಾಗಿ ಹಳೇ ಆಂಪ್‌ಗಳಲ್ಲೂ ಇದು ಸಿಗುತ್ತೆ. ಹೆಡ್‌ಫೋನಿನ ಓಮಿನ ಎಂಟನೇ ಒಂದಂಶಕ್ಕಿಂತ ಕಡಿಮೆ ಇರಲಿ ಅನ್ನೋದು ರೂಢಿಯ ಲೆಕ್ಕ. ಆ ಬಿಳಿ ದಾರದ ಡಾಂಗಲ್‌ನದ್ದು 1 ಓಮಿಗಿಂತ ಕಮ್ಮಿ. ಅಂದರೆ ಈ ಕಾಯಿಲೆಗೂ ಮದ್ದು ಅದೇ!

ಎರಡನೆಯದು ಗುಂಯ್ ಅನ್ನೋ ಸದ್ದು. ಮೌಸ್ ಅಲ್ಲಾಡಿಸಿದರೆ ಕಿರ್ ಅನ್ನೋದು, ಚಾರ್ಜರ್ ಸಿಕ್ಕಿಸಿದರೆ ಗುಂಯ್ ಅನ್ನೋದು. ಆಂಪ್ ತಗೊಳ್ಳೋ ಮುಂಚೆ ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯಾ ನೋಡಿಸಿ. ನಮ್ಮ ಬಾಡಿಗೆ ಮನೆಗಳಲ್ಲಿ ಮೂರನೇ ತೂತು ಎಷ್ಟೋ ಕಡೆ ಬರೀ ಅಲಂಕಾರಕ್ಕೆ. ಎಲೆಕ್ಟ್ರಿಷಿಯನ್ ಕರೆಸಿದರೆ ಆಂಪಿಗಿಂತ ಅಗ್ಗ, ಜೀವಕ್ಕೂ ಒಳ್ಳೇದು.

ಮೂರನೆಯದು ಈಕ್ವಲೈಜರ್. ಹೆಡ್‌ಫೋನಿನ ಕೊರತೆ ತಿದ್ದುವವರು ಮೊದಲು ಒಟ್ಟು ಮಟ್ಟವನ್ನು 6-8 ಡೆಸಿಬೆಲ್ ಇಳಿಸಬೇಕಾಗುತ್ತೆ. ಆಗ ಡಾಂಗಲ್‌ನ 103 ಬಂದು 95-97ಕ್ಕೆ ಇಳಿಯುತ್ತೆ. ಅಷ್ಟರಲ್ಲಿ ಸಾಲದಿದ್ದರೆ ಆಂಪ್ ಬೇಕು ಅನ್ನೋದು ನ್ಯಾಯ. ಜೊತೆಗೆ ಮೇಜಿನ ಮೇಲೆ ತಿರುಗಿಸೋಕೆ ಒಂದು ನಾಬ್ ಇರಲಿ ಅನ್ನೋ ಆಸೆ. ಇದೂ ನ್ಯಾಯವೇ. ಆದರೆ "ನಾಬ್ ಬೇಕು" ಅಂತ ಹೇಳಿ ತಗೊಳ್ಳಿ, "ಸೌಂಡ್‌ಸ್ಟೇಜ್ ಬೇಕು" ಅಂತ ಹೇಳಿ ಅಲ್ಲ.

ಹೀಗೆ ತಗೊಳ್ಳಲೇಬೇಕಾದರೆ ಡಬ್ಬದಲ್ಲಿ ನೋಡಬೇಕಾದ್ದು ವ್ಯಾಟ್ ಅಲ್ಲ. ಔಟ್‌ಪುಟ್ ಇಂಪೀಡೆನ್ಸ್ 2 ಓಮಿಗಿಂತ ಕಡಿಮೆ ಇರಲಿ, ಲೋ ಗೇನ್ ಸ್ವಿಚ್ ಇರಲಿ. ಅಗ್ಗದ ನಾಬುಗಳಲ್ಲಿ ತೀರ ಕೆಳಗಿನ ಮಟ್ಟದಲ್ಲಿ ಎಡಗಿವಿ ಬಲಗಿವಿ ಸಮ ಇರೋದಿಲ್ಲ. ಗೇನ್ ಜಾಸ್ತಿ ಇದ್ದರೆ ನೀವು ಯಾವಾಗಲೂ ಆ ಕೆಟ್ಟ ಜಾಗದಲ್ಲೇ ಇರ್ತೀರಿ. ಅಮೆರಿಕದಿಂದ ಬರುವ ನೆಂಟರ ಹತ್ತಿರ ತರಿಸೋ ಆಲೋಚನೆ ಇದ್ದರೆ ಒಂದು ಎಚ್ಚರಿಕೆ. ಓ2, ಆಟಮ್, ನಾನು ಹೇಳಿದ ಮ್ಯಾಗ್ನಿಗಳು ಕರೆಂಟಿಗೆ ಬಳಸೋದು ಡಿಸಿ ಅಡಾಪ್ಟರ್ ಅಲ್ಲ, ಎಸಿಯನ್ನೇ ಇಳಿಸಿ ಎಸಿಯನ್ನೇ ಕೊಡೋ ಅಡಾಪ್ಟರ್. ಅಲ್ಲಿನದ್ದು 120 ವೋಲ್ಟಿನದ್ದು. ಇಲ್ಲಿನ 230ಕ್ಕೆ ನೇರ ಸಿಕ್ಕಿಸಿದರೆ ಹೊಗೆ. ಮನೆಯಲ್ಲಿ ಬಿದ್ದಿರೋ ಹಳೇ ಮೋಡೆಮ್ಮಿನ ಡಿಸಿ ಅಡಾಪ್ಟರೂ ಆಗೋದಿಲ್ಲ.

ಡಾಂಗಲ್‌ಗೂ ಎರಡು ಕೊಕ್ಕೆ ಇವೆ. ಯುರೋಪಿನ ಕನ್ನಡಿಗರು ಗಮನಿಸಿ, ಅಲ್ಲಿಗೆಂದು ಮಾಡಿದ್ದರಲ್ಲಿ 1 ವೋಲ್ಟ್ ಅಲ್ಲ, 0.5. ಮತ್ತೆ ಕೆಲವು ಆಂಡ್ರಾಯ್ಡ್ ಫೋನಿಗೆ ಸಿಕ್ಕಿಸಿದರೆ ಸದ್ದು ಸಣ್ಣಗೆ ಬರುತ್ತೆ. ಕಂಪ್ಯೂಟರಿಗೆ ಆ ತೊಂದರೆ ಇಲ್ಲ.

ಇನ್ನು ಕಿವಿ. "ಶಕ್ತಿ ಜಾಸ್ತಿ ಇದ್ದರೆ ನಷ್ಟ ಏನು, ದೊಡ್ಡ ಎಂಜಿನ್ ಕಾರಿದ್ದ ಹಾಗೆ" ಅಂತಾರೆ. ಅಕ್ಕನ ಮಗ ನೋಡಿಟ್ಟ ಆಂಪ್ 32 ಓಮಿಗೆ 2 ವ್ಯಾಟ್ ಅಂತ ದೊಡ್ಡದಾಗಿ ಬರೆದುಕೊಂಡಿದೆ. ಅವನ ಹೆಡ್‌ಫೋನಿಗೆ ಲೆಕ್ಕ ಹಾಕಿ, 132 ಡೆಸಿಬೆಲ್. ನೋವಿನ ಗಡಿ ದಾಟಿ ಆಚೆ. ತೋಳು ತಾಗಿ ನಾಬ್ ತಿರುಗಿದರೆ ಅಷ್ಟೇ ಕಥೆ. ಆದರೆ ಅಪಘಾತಕ್ಕಿಂತ ನಿಧಾನದ ಹಾನಿ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಟಿಯು ಸೇರಿ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ದೊಡ್ಡವರಿಗೆ 80 ಡೆಸಿಬೆಲ್ ವಾರಕ್ಕೆ 40 ಗಂಟೆ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5. ನಾನು ಆಂಪ್ ಬಂದ ಮೇಲೆ ಗೊತ್ತಿಲ್ಲದೇ 4 ಡೆಸಿಬೆಲ್ ಜೋರಿಟ್ಟುಕೊಂಡು ದಿನಕ್ಕೆ ಆರೇಳು ಗಂಟೆ ಕೇಳಿದೆ. "ಚೆನ್ನಾಗಿದೆ" ಅನ್ನಿಸುತ್ತಿತ್ತಲ್ಲ.

ಕಳೆದ ವರ್ಷ ಎಡಗಿವಿಯಲ್ಲಿ ಕುಂಯ್ ಅನ್ನೋದು ಶುರುವಾಯ್ತು. ರಾತ್ರಿ ಮಲಗಿದಾಗ ದೂರದಲ್ಲಿ ಜೀರುಂಡೆ ಕೂಗಿದ ಹಾಗೆ, ಬೆಂಗಳೂರಿನಲ್ಲಿ ಎಲ್ಲಿಂದ ಬಂತಪ್ಪಾ ಮಲೆನಾಡಿನ ಜೀರುಂಡೆ ಅಂದುಕೊಂಡೆ. ಕಿವಿ ಪರೀಕ್ಷೆ ಮಾಡಿಸಿದೆ. ಗ್ರಾಫಿನಲ್ಲಿ 4000 ಹರ್ಟ್ಸ್ ಹತ್ತಿರ ಒಂದು ಗುಂಡಿ. ಜೋರು ಸದ್ದಿನಿಂದ ಆಗೋ ಹಾನಿ ಹೀಗೇ ಕಾಣುತ್ತೆ ಅಂದರು. ವಯಸ್ಸಿನದ್ದೂ ಸ್ವಲ್ಪ ಇರಬಹುದು, ಬೆಂಗಳೂರಿನ ಹಾರ್ನುಗಳದ್ದೂ ಇರಬಹುದು, ಎಲ್ಲವನ್ನೂ ಡಬ್ಬದ ತಲೆಗೆ ಕಟ್ಟೋದಿಲ್ಲ. ಆದರೆ ಹೋದ ಕೂದಲುಕೋಶಗಳು ಮತ್ತೆ ಹುಟ್ಟೋದಿಲ್ಲ ಅಂತ ಡಾಕ್ಟರು ಹೇಳಿದ್ದು ಮಾತ್ರ ಮನಸ್ಸಿನಿಂದ ಹೋಗ್ತಿಲ್ಲ. ಅಪ್ಪನ ಕ್ಯಾಸೆಟ್ಟು ಚೆನ್ನಾಗಿ ಕೇಳಲಿ ಅಂತ ಡಬ್ಬ ತಂದು, ಅದನ್ನು ಕೇಳೋ ಕಿವಿಯನ್ನೇ ಸವೆಸಿಕೊಂಡೆ.

ಇನ್ನೊಂದು ಹೊಟ್ಟೆ ಉರಿಯೋ ವಿಷಯ. ಆ ವರ್ಷ ದುಡ್ಡೆಲ್ಲ ಆಂಪಿಗೆ ಹೋಯ್ತು ಅಂತ ಕ್ಯಾಸೆಟ್ ಡೆಕ್ಕಿನ ಬೆಲ್ಟು, ಹೆಡ್ಡು ರಿಪೇರಿಯನ್ನ "ಆಮೇಲೆ ನೋಡೋಣ" ಅಂತ ಮುಂದೂಡಿದ್ದೆ. ಉಳಿದ ಕ್ಯಾಸೆಟ್ಟುಗಳು ಸಾಗರದ ಮನೆಯ ಅಟ್ಟದಲ್ಲೇ ಇನ್ನೆರಡು ಮಳೆಗಾಲ ಕಳೆದವು. ಸಾಗರದ ಮಳೆ ಗೊತ್ತಲ್ಲ. ತರಲು ಹೋದಾಗ ಹದಿನೇಳು ಕ್ಯಾಸೆಟ್ಟುಗಳ ಟೇಪಿನ ಮೇಲೆ ಬಿಳೀ ಬೂಸ್ಟು. ಒಂದರ ಮೇಲೆ ಅಪ್ಪನ ಕೈಬರಹದಲ್ಲಿ "ರಾಜಗುರು, ಧಾರವಾಡ, ಬೆಳಿಗ್ಗೆ" ಅಂತಿದೆ. ಅದರಲ್ಲಿ ಯಾವ ರಾಗ ಇತ್ತೋ.

ಅಕ್ಕನ ಮಗನಿಗೆ ರಾತ್ರಿ ವಾಪಸ್ ಫೋನ್ ಮಾಡಿದೆ. ಲೆಕ್ಕ ಹೇಳಿಕೊಟ್ಟೆ. ಅವನು ಎಂಜಿನಿಯರು, ನನಗಿಂತ ಬೇಗ ಅವನೇ 113 ಅಂದ. "ಮತ್ತೆ ಎಲ್ಲರೂ ಯಾಕೆ ಹಾಗೆ ಹೇಳ್ತಾರೆ ಮಾವ?" ಅಂದ. ನಾನು ಯಾಕೆ ಹೇಳಿದ್ದೆನೋ ಅದಕ್ಕೇ ಕಣೋ ಅಂದೆ, ದುಡ್ಡು ಕೊಟ್ಟ ಮೇಲೆ ಚೆನ್ನಾಗಿಲ್ಲ ಅಂತ ಯಾರು ಹೇಳ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಡೆಕ್ ರಿಪೇರಿಗೆ ಎಷ್ಟಾಗುತ್ತೆ?" ಅಂದ. ಬರೋ ಶನಿವಾರ ಇಬ್ಬರೂ ಎಸ್.ಪಿ. ರೋಡಿಗೆ ಹೋಗ್ತಿದೀವಿ. ಬೂಸ್ಟು ಹಿಡಿದ ಟೇಪು ಸ್ವಚ್ಛ ಮಾಡೋದು ಗೊತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬೈಯುವವರು ಧಾರಾಳವಾಗಿ ಬೈಯಿರಿ. ಆದರೆ ನಿಮ್ಮ ಹೆಡ್‌ಫೋನಿನ ಓಮ್ ಎಷ್ಟು, ಡೆಸಿಬೆಲ್ ಎಷ್ಟು ಅಂತ ಮೊದಲು ಬರೆದು ಆಮೇಲೆ ಬೈಯಿರಿ :-)